ಕೋಡಿ ಬೀಚಿನಲ್ಲಿ ಗಾಳ: ಮೊದಲ ಕಾಣೆ ಮೀನು ಸಿಗುವ ತನಕ

ನಮ್ಮೂರು ಚನ್ನಗಿರಿ ಕಡೆ. ಚಿಕ್ಕಂದಿನಲ್ಲಿ ಸೂಳೆಕೆರೆ ದಡದಲ್ಲಿ ಕೂತು ಗಾಳ ಹಾಕಿದವನು ನಾನು. ಬಿದಿರು ಕೋಲು, ತಂಗೂಸಿ ದಾರ, ಒಂದು ಬೆಂಡು, ಎರೆಹುಳ. ಬೆಂಡು ಮುಳುಗಿದರೆ ಎಳೆಯಬೇಕು, ಅಷ್ಟೇ ವಿದ್ಯೆ. ಕೆಲಸದ ಮೇಲೆ ಕುಂದಾಪುರಕ್ಕೆ ಬಂದಾಗ, ಕಡಲಾದರೇನು, ನೀರು ಜಾಸ್ತಿ ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಕೋಡಿ ಬೀಚಿನಲ್ಲಿ ಮೊದಲ ಐದು ಭಾನುವಾರ ನನಗೆ ಒಂದು ಮೀನೂ ಸಿಗಲಿಲ್ಲ.

ಶುರುವಿನಲ್ಲಿ ತಂದದ್ದು 6 ಅಡಿಯ ರಾಡು. ಕೆರೆಗೆ ಅದು ಸಾಕು. ಕಡಲಲ್ಲಿ ಪ್ರತಿ ಅಲೆಯೂ ದಾರದ ಮೇಲೇ ಬಿದ್ದು, ಭಾರಕ್ಕೆ ಕಟ್ಟಿದ ಸೀಸ, ಕೊಕ್ಕೆ ಎಲ್ಲವನ್ನೂ ನನ್ನ ಕಾಲ ಹತ್ತಿರ ತಂದು ಹಾಕುತ್ತಿತ್ತು. ದಾರ ಅಲೆಗಿಂತ ಮೇಲೆ ನಿಲ್ಲಬೇಕಾದರೆ ರಾಡು ಉದ್ದ ಇರಬೇಕು. ಈಗ ನನ್ನ ಹತ್ತಿರ ಇರುವುದು 10 ಅಡಿಯದು, ಜೊತೆಗೆ ದಾರ ಸುತ್ತಿಕೊಳ್ಳುವ 5000 ನಂಬರಿನ ರೀಲು, 0.35 ಮಿಲಿಮೀಟರಿನ ದಾರ. ಸೀಸವೂ ಹಾಗೆಯೇ. ಗುಂಡನೆಯ ಸೀಸ ಮರಳಿನಲ್ಲಿ ಗೋಲಿಯ ಹಾಗೆ ಉರುಳಿಕೊಂಡು ಹೋಗುತ್ತದೆ. ಮೂಲೆಗಳಿರುವ 60 ಗ್ರಾಮಿನ ಸೀಸ ಮರಳಿಗೆ ಕಚ್ಚಿಕೊಂಡು ಕೂರುತ್ತದೆ.

ಎರಡನೇ ಭಾನುವಾರ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಎಲ್ಲ ಶಕ್ತಿ ಹಾಕಿ ಬೀಸಿದೆ. ಎಸೆಯುವಾಗ ರೀಲಿನ ಮೇಲಿನ ತಂತಿ ತೆರೆದೇ ಇರಬೇಕು. ಅದು ಮಧ್ಯದಲ್ಲೇ ಟಪ್ ಅಂತ ಮುಚ್ಚಿಕೊಂಡಿತು. ದಾರ ತುಂಡಾಗಿ ಸೀಸ ಗುಂಡಿನ ಹಾಗೆ ಹಾರಿ ಹೋಯಿತು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ಅವತ್ತಿನಿಂದ ದಾರದ ತುದಿಗೆ ರಾಡಿನ ಎರಡರಷ್ಟು ಉದ್ದಕ್ಕೆ 0.60ರ ದಪ್ಪ ದಾರ ಗಂಟು ಹಾಕುತ್ತೇನೆ. ಬೀಸುವ ಏಟು ಅದರ ಮೇಲೆ ಬೀಳಲಿ ಅಂತ. ಬೀಸುವ ಮೊದಲು ಹಿಂದೆ ತಿರುಗಿ ನೋಡುವುದಂತೂ ಕಡ್ಡಾಯ. ಸಂಜೆ ಬೀಚಿನಲ್ಲಿ ಮಕ್ಕಳು ಯಾವಾಗ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ ಅಂತ ಹೇಳಲಾಗದು.

ಮೀನು ಮಾತ್ರ ಇಲ್ಲ. ಕಾಣೆ ಮೀನು ಹೆಸರಿಗೆ ತಕ್ಕ ಹಾಗೆ ಕಾಣೆ! ಇನ್ನೂ ದೂರ ಎಸೆದರೆ ಸಿಗಬಹುದು ಅಂತ ಭುಜ ನೋಯುವ ತನಕ ಬೀಸುತ್ತಿದ್ದೆ. ಐದನೇ ಭಾನುವಾರ ಬೀಸುಬಲೆ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ನಿಂತು ನೋಡಿದರು. "ಅಷ್ಟ್ ದೂರ ಎಂತಕ್ಕೆ ಬಿಸಾಡುದ್ ಮಾರಾಯ್ರೆ? ಮೀನ್ ಇಪ್ಪುದ್ ಇಲ್ಲೇ, ಕಾಣಿ" ಅಂತ ಕೈ ತೋರಿಸಿದರು. ತೋರಿಸಿದ್ದು ನಾನು ನಿಂತಲ್ಲಿಂದ ಹದಿನೈದು ಮಾರು ದೂರವೂ ಇರಲಿಲ್ಲ.

ನನಗೆ ಅಲ್ಲಿ ಏನೂ ಕಾಣಲಿಲ್ಲ. ಅವರು ಅವಸರ ಮಾಡದೆ ಬಿಡಿಸಿ ಹೇಳಿದರು. ಅಲೆ ಎಲ್ಲಿ ಒಡೆದು ಬಿಳಿ ನೊರೆಯಾಗುತ್ತದೋ ಅಲ್ಲಿ ಮರಳು ದಿಬ್ಬ ಇದೆ, ನೀರು ಕಡಿಮೆ. ಆ ದಿಬ್ಬ ದಾಟಿ ಬಂದ ಅಲೆ ಸುಮ್ಮನಾಗಿ, ದಡದ ಹತ್ತಿರ ಮತ್ತೆ ಒಡೆಯುತ್ತದೆ. ಈ ಎರಡು ಬಿಳಿ ಗೆರೆಗಳ ನಡುವೆ ಒಂದು ಪಟ್ಟಿ ಸ್ವಲ್ಪ ಕಪ್ಪಗೆ ಕಾಣುತ್ತದೆ. ಅದು ತಗ್ಗು. ಅಲೆ ಮರಳು ಕದಡಿದಾಗ ಹೊರಬೀಳುವ ಹುಳ, ಸಣ್ಣ ಏಡಿ ಎಲ್ಲ ಅಲ್ಲಿ ಸೇರುತ್ತವೆ. ಅವುಗಳನ್ನು ತಿನ್ನಲು ಕಾಣೆ ಅಲ್ಲಿಗೆ ಬರುತ್ತದೆ. ಐದು ವಾರ ನಾನು ಗಾಳ ಹಾಕಿದ್ದು ಮೀನಿನ ತಲೆ ಮೇಲಿಂದ ಆಚೆಗೆ.

ಈಗ ಬೀಚಿಗೆ ಹೋದರೆ ಮೊದಲ ಹತ್ತು ನಿಮಿಷ ರಾಡು ಮುಟ್ಟುವುದಿಲ್ಲ. ಮರಳಿನ ಎತ್ತರದ ಜಾಗದಲ್ಲಿ ನಿಂತು ನೀರು ನೋಡುತ್ತೇನೆ. ನೀರು ಇಳಿದಾಗ ಒಮ್ಮೆ ಹೋಗಿ ತಗ್ಗು ಎಲ್ಲಿದೆ ಅಂತ ಗುರುತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಮಳೆಗಾಲ ಕಳೆದ ಮೇಲೆ ಎಲ್ಲ ಬದಲಾಗಿರುತ್ತದೆ, ಹೊಸದಾಗಿ ಹುಡುಕಬೇಕು. ಪಂಚಗಂಗಾವಳಿ ನದಿ ಕಡಲು ಸೇರುವ ಅಳಿವೆ ಪಕ್ಕದಲ್ಲೇ ಇರುವುದರಿಂದ ಇಲ್ಲಿ ಮರಳು ಒಂದೇ ಕಡೆ ಕೂರುವುದಿಲ್ಲ. ಇನ್ನೊಂದು ಮಾತು. ಅಲೆ ಒಡೆಯದೆ ಕಪ್ಪಗಿರುವ ಪಟ್ಟಿ ದಡದಿಂದ ನೇರ ಕಡಲಿನ ಕಡೆಗೆ ಹೋಗಿದ್ದರೆ, ಅಲ್ಲಿ ನೀರು ಹೊರಗೆ ಎಳೆಯುತ್ತಿರುತ್ತದೆ. ಗಾಳಕ್ಕೆ ಒಳ್ಳೆಯ ಜಾಗ, ಕಾಲಿಡಲು ಅಲ್ಲ. ನಾನು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುವುದೇ ಇಲ್ಲ.

ಕಾಣೆಯ ಬಾಯಿ ಚಿಕ್ಕದು. ನಾನು ಮೊದಲು ಹಾಕುತ್ತಿದ್ದ ಕೊಕ್ಕೆ ಅದರ ತಲೆಯಷ್ಟೇ ದೊಡ್ಡದಿತ್ತು! ಈಗ 6ನೇ ನಂಬರಿನದು. ನಂಬರು ಹೆಚ್ಚಾದ ಹಾಗೆ ಕೊಕ್ಕೆ ಚಿಕ್ಕದಾಗುತ್ತದೆ, ಅಂಗಡಿಯಲ್ಲಿ ಇದು ಗೊತ್ತಿಲ್ಲದೆ ನಾನು ತಲೆಕೆಳಗಾಗಿ ಕೇಳಿದ್ದೆ. ದಾರದ ತುದಿಗೆ ಸೀಸ, ಅದಕ್ಕಿಂತ ಒಂದು ಗೇಣು ಮೇಲೆ ಪಕ್ಕಕ್ಕೆ ಚಾಚಿದ ತುಂಡು ದಾರದಲ್ಲಿ ಕೊಕ್ಕೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಬೇಕು. ಒಣ ದಾರ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ಕೊಕ್ಕೆಗೆ ಸಿಗಡಿ, ಇಲ್ಲಿಯವರ ಬಾಯಲ್ಲಿ ಚಟ್ಲಿ. ಸಿಪ್ಪೆ ಸುಲಿದು ಕಿರುಬೆರಳ ಉಗುರಿನಷ್ಟು ತುಂಡು ಮಾಡಿ, ಹಿಂದಿನ ರಾತ್ರಿ ಉಪ್ಪು ಬೆರೆಸಿ ಇಡುತ್ತೇನೆ. ಹಸಿ ಸಿಗಡಿ ಎರಡು ಅಲೆಗೆ ಕಳಚಿ ಹೋಗುತ್ತದೆ, ಉಪ್ಪು ಹಿಡಿದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಕೊಕ್ಕೆಯ ಮೊನೆ ಮಾತ್ರ ಹೊರಗೆ ಕಾಣಬೇಕು.

ಆರನೇ ಭಾನುವಾರ ಹಾಗೇ ಮಾಡಿದೆ. ಅಜ್ಜ ತೋರಿಸಿದ ಪಟ್ಟಿಗೆ ಸುಮ್ನೆ ಮೆಲ್ಲಗೆ ಎಸೆದು, ದಾರ ಬಿಗಿ ಮಾಡಿ ತೋರುಬೆರಳ ಮೇಲೆ ಇಟ್ಟುಕೊಂಡೆ. ಅಲೆ ಎಳೆಯುವುದು ಒಂದು ಥರ: ಉದ್ದಕ್ಕೆ, ನಿಧಾನ. ಮೀನು ಹಾಗಲ್ಲ. ಟಕ್, ಟಕ್ ಟಕ್, ಯಾರೋ ಉಗುರಿನಿಂದ ಬೆರಳು ತಟ್ಟಿದ ಹಾಗೆ. ನಡೆಯುತ್ತಾ ಹಿಂದೆ ಬಂದು ಸುತ್ತಿದೆ. ಗೇಣುದ್ದದ ಕಾಣೆ. ಬೆಳ್ಳಗೆ, ಚೂಪು ಮೂತಿ, ಮೈಗೆಲ್ಲ ಮರಳು ಮೆತ್ತಿಕೊಂಡು ಹೊರಳಾಡುತ್ತಿತ್ತು. ಅವತ್ತು ನಾಲ್ಕು ಸಿಕ್ಕವು. ರವೆ ಹಚ್ಚಿ ಕಾವಲಿ ಮೇಲೆ ಹುರಿದೆವು.

ಎಲ್ಲ ಮೀನೂ ಹಾಗೆ ಕೈಗೆ ಸಿಗುವಂಥದ್ದಲ್ಲ. ಮೀಸೆ ಇರುವ ತೇಡೆ ಒಂದು ಸಲ ಬಂತು. ಬೆನ್ನಿನ ಮೇಲೊಂದು, ಅಕ್ಕಪಕ್ಕ ಎರಡು, ಒಟ್ಟು ಮೂರು ಮುಳ್ಳು. ಕೊಕ್ಕೆ ಬಿಡಿಸಲು ಹೋಗಿ ಹೆಬ್ಬೆರಳಿಗೆ ಚುಚ್ಚಿಸಿಕೊಂಡೆ. ಮೊಣಕೈ ತನಕ ಉರಿ. ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಮೇಲೆ ಕೈ ಅದ್ದಿದ ಮೇಲೆ ನೋವು ಇಳಿಯಿತು. ಆದರೂ ಡಾಕ್ಟರ ಹತ್ತಿರ ಹೋಗಿ ತೋರಿಸಿ ಬಂದೆ. ಈಗ ಬ್ಯಾಗಿನಲ್ಲಿ ಉದ್ದ ಮೂತಿಯ ಇಕ್ಕಳ ಯಾವಾಗಲೂ ಇರುತ್ತದೆ.

ಹೊತ್ತಿನ ಬಗ್ಗೆ ಹೇಳುವುದಾದರೆ, ಭರತ, ಅಂದರೆ ಕಡಲು ಪೂರ್ತಿ ಉಬ್ಬುವುದು, ಆಗುವ ಎರಡು ಗಂಟೆ ಮುಂಚೆ ಶುರು ಮಾಡಿ, ನೀರು ಇಳಿಯಲು ಶುರುವಾದ ಮೇಲೆ ಒಂದು ಗಂಟೆ ಇರುತ್ತೇನೆ. ಭರತ ದಿನಕ್ಕೆ ಹೆಚ್ಚು ಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಈ ಭಾನುವಾರದ ಲೆಕ್ಕ ಬರುವ ಭಾನುವಾರಕ್ಕೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೇ ಕಡಲಿಗಿಳಿಯಲು ನಿಷೇಧ. ಆಗಿನಿಂದ ನಾನೂ ದಡಕ್ಕೆ ಹೋಗುವುದಿಲ್ಲ. ಅಕ್ಟೋಬರಿನಲ್ಲಿ ಕಡಲು ತಣ್ಣಗಾದ ಮೇಲೆಯೇ ಮತ್ತೆ ಶುರು.

ಮೊದಲ ರೀಲು ಹಾಳಾದದ್ದು ಕಡಲಿನಿಂದಲ್ಲ, ನನ್ನ ಸೋಮಾರಿತನದಿಂದ. ಮರಳಿನ ಮೇಲೆ ಇಟ್ಟೆ, ಮನೆಗೆ ತಂದು ಮೂಲೆಗೆ ಒರಗಿಸಿದೆ. ಮೂರೇ ತಿಂಗಳಿಗೆ ಉಪ್ಪು ತಿಂದು ಕರ ಕರ ಅನ್ನತೊಡಗಿತು. ಈಗ ಬಂದ ಕೂಡಲೇ ಸಿಹಿನೀರು ಚಿಮುಕಿಸಿ, ಒರೆಸಿ, ಎರಡು ಹನಿ ಎಣ್ಣೆ ಬಿಡುತ್ತೇನೆ. "ರೀಲು ಆಮೇಲೆ ತೊಳೀರಿ, ಮೀನು ಯಾರು ಕ್ಲೀನ್ ಮಾಡ್ತಾರೆ?" ಅಂತ ಮನೆಯವಳು ಒಳಗಿನಿಂದ ಕೂಗುತ್ತಾಳೆ.