ಮೊದಲು ನಾರ್ಮಲೈಸ್, ಆಮೇಲೆ ಸ್ಪಿನ್ನರ್

ಡೆಮೊ ಪುಟದಲ್ಲಿ ದುಂಡಗೆ ತಿರುಗುತ್ತಿದ್ದ ಸ್ಪಿನ್ನರ್ (ಪುಟ ತೆರೆಯುವವರೆಗೆ ತಿರುಗುವ ಬಳೆ) ನಿಮ್ಮ ಪುಟಕ್ಕೆ ಬಂದ ಕೂಡಲೇ ಮೊಟ್ಟೆಯಂತಾಗುತ್ತದೆ, ಇಲ್ಲವೇ ಎಂಟು ಪಿಕ್ಸೆಲ್ ಊದಿಕೊಳ್ಳುತ್ತದೆ, ಇಲ್ಲವೇ ಯಾರದೋ ಫೋನಿನಲ್ಲಿ ಅಲ್ಲಾಡದೆ ನಿಂತುಬಿಡುತ್ತದೆ. ಆಗ ಎಲ್ಲರೂ ಅನಿಮೇಶನ್ ಕೋಡನ್ನೇ ಕೆದಕುತ್ತಾರೆ. ಬಹುಪಾಲು ಸಲ ತಪ್ಪು ಇರುವುದು ಅದರ ಅಡಿಯಲ್ಲಿ ಇಡೀ ಪುಟಕ್ಕೆ ಅನ್ವಯಿಸುವ ಬೇಸ್ ಸ್ಟೈಲ್‌ನಲ್ಲಿ. ಹಾಗಾಗಿ ಕೆಲಸವನ್ನು ಅಲ್ಲಿಂದಲೇ ಶುರು ಮಾಡಿ. ಸಿಎಸ್‌ಎಸ್ (ಪುಟದ ನೋಟವನ್ನು ಬರೆಯುವ ಭಾಷೆ) ಪ್ರಾಪರ್ಟಿಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಫೈಲಿನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ಬೇಸ್ ಫೈಲ್

ಪ್ರತಿ ಬ್ರೌಸರ್‌ಗೂ ತನ್ನದೇ ಡೀಫಾಲ್ಟ್ ಸ್ಟೈಲ್‌ಶೀಟ್ ಇರುತ್ತದೆ. ಬಾಡಿಯ ಸುತ್ತ 8 ಪಿಕ್ಸೆಲ್ ಮಾರ್ಜಿನ್ ಬರುವುದು ಅಲ್ಲಿಂದ. ಬಟನ್, ಇನ್‌ಪುಟ್‌ಗಳು ಪುಟದ ಫಾಂಟ್ ಬಿಟ್ಟು ಬೇರೆ ಫಾಂಟ್ ಹಿಡಿಯುವುದೂ ಅದರಿಂದಲೇ. ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಎರಿಕ್ ಮೇಯರ್ ಅವರ ರೀಸೆಟ್ (ಆವೃತ್ತಿ 2.0, 2011) ಮಾರ್ಜಿನ್, ಪ್ಯಾಡಿಂಗ್, ಪಟ್ಟಿಯ ಚುಕ್ಕಿ ಎಲ್ಲವನ್ನೂ ಕಿತ್ತು ಬಯಲು ಮಾಡುತ್ತದೆ. ನಿಕೋಲಸ್ ಗ್ಯಾಲಗರ್ ಅವರ ನಾರ್ಮಲೈಸ್ (8.0.1, 2018) ಬ್ರೌಸರ್‌ಗಳು ಒಂದಕ್ಕೊಂದು ಒಪ್ಪದ ಕಡೆ ಮಾತ್ರ ಕೈಹಾಕಿ, ಕೆಲಸಕ್ಕೆ ಬರುವ ಡೀಫಾಲ್ಟ್‌ಗಳನ್ನು ಉಳಿಸುತ್ತದೆ. ಲೇಖನಗಳೇ ಹೆಚ್ಚಿರುವ ತಾಣಕ್ಕೆ ನಾರ್ಮಲೈಸ್ ಒಳ್ಳೆಯದು. ಪ್ರತಿಯೊಂದನ್ನೂ ನೀವೇ ಕಟ್ಟುವ ಆ್ಯಪ್‌ಗೆ ರೀಸೆಟ್ ಆದೀತು. ಎರಡನ್ನೂ ಒಟ್ಟಿಗೆ ಸೇರಿಸಬೇಡಿ. ಸಿದ್ಧ ಸಿಎಸ್‌ಎಸ್ ಚೌಕಟ್ಟುಗಳಾದ ಬೂಟ್‌ಸ್ಟ್ರ್ಯಾಪ್ ಒಳಗೆ ರೀಬೂಟ್, ಟೈಲ್‌ವಿಂಡ್ ಒಳಗೆ ಪ್ರೀಫ್ಲೈಟ್ ಎಂಬ ಬೇಸ್ ಸ್ಟೈಲ್‌ಗಳು ಆಗಲೇ ಇವೆ. ಅವುಗಳ ಮೇಲೆ ಇನ್ನೊಂದು ಬೇಡ.

ನಾರ್ಮಲೈಸ್ ಎಲ್ಲ ಎಲಿಮೆಂಟ್‌ಗಳಿಗೂ ಬಾಕ್ಸ್-ಸೈಸಿಂಗ್ (ಅಗಲದ ಲೆಕ್ಕದಲ್ಲಿ ಬಾರ್ಡರ್ ಸೇರಬೇಕೇ ಎಂದು ಹೇಳುವ ಪ್ರಾಪರ್ಟಿ) ಬದಲಿಸುವುದಿಲ್ಲ. ಸ್ಪಿನ್ನರ್ ಊದಿಕೊಳ್ಳುವುದು ಇದರಿಂದಲೇ: ಅಗಲ 40 ಪಿಕ್ಸೆಲ್, ಎರಡೂ ಬದಿಗೆ 4ರ ಬಾರ್ಡರ್, ಒಟ್ಟು 48. ಬೂಟ್‌ಸ್ಟ್ರ್ಯಾಪ್ ಪುಟದಲ್ಲಿ ಅದೇ ಕೋಡ್ 40ಕ್ಕೇ ನಿಲ್ಲುತ್ತದೆ, ಏಕೆಂದರೆ ರೀಬೂಟ್ ಎಲ್ಲಕ್ಕೂ ಬಾರ್ಡರ್-ಬಾಕ್ಸ್ (ಬಾರ್ಡರ್ ಸೇರಿಯೇ ಅಗಲ) ಹಾಕಿರುತ್ತದೆ. ಎಲ್ಲ ಎಲಿಮೆಂಟ್‌ಗಳನ್ನೂ ಹಿಡಿಯುವ ನಕ್ಷತ್ರ (*) ಸೆಲೆಕ್ಟರ್‌ಗೂ, ಬಿಫೋರ್ ಮತ್ತು ಆಫ್ಟರ್ ಸ್ಯೂಡೊ ಎಲಿಮೆಂಟ್‌ಗಳಿಗೂ ಬಾರ್ಡರ್-ಬಾಕ್ಸ್ ಕೊಡುವ ರೂಲ್ ಒಂದನ್ನು ನೀವೇ ಸೇರಿಸಿ. ಫಾರ್ಮ್ ಎಲಿಮೆಂಟ್‌ಗಳಿಗೆ ಫಾಂಟ್ ಇನ್‌ಹೆರಿಟ್ ಮಾಡಿಸಿ, ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಅದಕ್ಕಿಂತ ಚಿಕ್ಕದಾದರೆ ಐಫೋನ್‌ನ ಸಫಾರಿ ಇನ್‌ಪುಟ್ ಮುಟ್ಟಿದೊಡನೆ ಪುಟವನ್ನೇ ಝೂಮ್ ಮಾಡುತ್ತದೆ.

ಕನ್ನಡ ಪುಟಗಳಿಗೆ ಇನ್ನೊಂದು ತಿದ್ದುಪಡಿ ತಪ್ಪದೇ ಬೇಕು. ನಾರ್ಮಲೈಸ್ ಕೊಡುವ ಲೈನ್-ಹೈಟ್ 1.15. ಲ್ಯಾಟಿನ್ ಅಕ್ಷರಕ್ಕೆ ಅದು ಹೇಗೋ ನಡೆಯುತ್ತದೆ. ನಮ್ಮ ಲಿಪಿಗೆ ಸಾಲದು. ‘ರಾಷ್ಟ್ರೀಯ ವೈಶಿಷ್ಟ್ಯ’ ಎಂದು ಎರಡು ಸಾಲು ಒಂದರ ಕೆಳಗೊಂದು ಬರೆದು ನೋಡಿ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಬಾಡಿಗೆ 1.6ರಿಂದ 1.7, ಶೀರ್ಷಿಕೆಗಳಿಗೆ 1.4 ಇಡಿ. ಬಟನ್‌ಗೆ 36 ಪಿಕ್ಸೆಲ್ ಹೈಟ್ ಕೊಟ್ಟು ಓವರ್‌ಫ್ಲೋ ಹಿಡನ್ ಮಾಡಿದರೆ ಒತ್ತು ಕತ್ತರಿಸಿಹೋಗುವ ಅಪಾಯವಿದೆ. ಹೈಟ್ ಬದಲು ಮಿನ್-ಹೈಟ್ ಮತ್ತು ಪ್ಯಾಡಿಂಗ್ ಬಳಸಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಹೀಗೆ ಫಾಂಟ್ ಬದಲಾದಂತೆ ಸಾಲಿನ ಅಳತೆಯೂ ಬದಲಾಗುತ್ತದೆ. ಎಲ್ಲ ಕಡೆ ಒಂದೇ ನೋಟ ಬೇಕಿದ್ದರೆ ನೋಟೊ ಸಾನ್ಸ್ ಕನ್ನಡವನ್ನು ವೆಬ್ ಫಾಂಟ್ ಆಗಿ ಕೊಡುವುದೇ ಖಾತ್ರಿಯ ದಾರಿ.

ಫೈಲ್‌ಗಳ ಕ್ರಮ: ಮೊದಲು ನಾರ್ಮಲೈಸ್, ನಂತರ ನಿಮ್ಮ ತಿದ್ದುಪಡಿ, ಕೊನೆಗೆ ಲೋಡರ್. ಅಟ್-ಲೇಯರ್ (ರೂಲ್‌ಗಳನ್ನು ಪದರಗಳಾಗಿ ಜೋಡಿಸುವ ವಿಧಾನ) ಬಳಸುವವರು ನಾರ್ಮಲೈಸನ್ನೂ ಒಂದು ಲೇಯರ್ ಒಳಗೇ ಇಂಪೋರ್ಟ್ ಮಾಡಬೇಕು. ಲೇಯರ್‌ನ ಹೊರಗಿರುವ ರೂಲ್ ಒಳಗಿರುವುದನ್ನು ಸಾಮಾನ್ಯವಾಗಿ ಸೋಲಿಸುತ್ತದೆ. ನಿಮ್ಮದನ್ನು ಮಾತ್ರ ಲೇಯರ್‌ಗೆ ಹಾಕಿ ನಾರ್ಮಲೈಸನ್ನು ಹೊರಗೆ ಬಿಟ್ಟರೆ ಗೆಲ್ಲುವುದು ನಾರ್ಮಲೈಸ್.

ಸ್ಪಿನ್ನರ್

ಇದಕ್ಕೆ ಒಂದೇ ಒಂದು ಡಿವ್ ಸಾಕು. ಅಗಲ, ಎತ್ತರ ಎರಡೂ 40 ಪಿಕ್ಸೆಲ್. ಬಾರ್ಡರ್ 4 ಪಿಕ್ಸೆಲ್, ತಿಳಿ ಬೂದು. ಬಾರ್ಡರ್-ಟಾಪ್-ಕಲರ್ ಮಾತ್ರ ಗಾಢ ಬಣ್ಣ. ಬಾರ್ಡರ್-ರೇಡಿಯಸ್ 50%. ಕೀಫ್ರೇಮ್‌ನಲ್ಲಿ (ಅನಿಮೇಶನ್‌ನ ಹಂತಗಳನ್ನು ಬರೆಯುವ ಜಾಗ) ಕೊನೆಯ ಸ್ಥಿತಿ ಒಂದನ್ನೇ ಬರೆಯಿರಿ: ರೊಟೇಟ್ 360 ಡಿಗ್ರಿ. ಅನಿಮೇಶನ್ 0.8 ಸೆಕೆಂಡ್, ಲೀನಿಯರ್, ಇನ್ಫಿನಿಟ್. ಲೀನಿಯರ್ ಎಂದು ಬರೆಯಲು ಮರೆತರೆ ಬ್ರೌಸರ್ ಈಸ್ ಎಂದು ತಿಳಿಯುತ್ತದೆ, ಪ್ರತಿ ಸುತ್ತಿನ ಕೊನೆಯಲ್ಲೂ ಚಕ್ರ ತಡವರಿಸುತ್ತದೆ.

ಮೊಟ್ಟೆಯಾಕಾರಕ್ಕೆ ಕಾರಣ ಫ್ಲೆಕ್ಸ್, ಅಂದರೆ ಎಲಿಮೆಂಟ್‌ಗಳನ್ನು ಸಾಲಾಗಿ ಜೋಡಿಸುವ ಲೇಔಟ್. ಸಾಲಿನಲ್ಲಿ ಜಾಗ ಸಾಲದಾದಾಗ ಅದು ಸ್ಪಿನ್ನರ್‌ನ ಅಗಲವನ್ನು ಹಿಂಡುತ್ತದೆ. ಫ್ಲೆಕ್ಸ್-ಶ್ರಿಂಕ್ 0 ಕೊಟ್ಟರೆ ಸರಿಹೋಗುತ್ತದೆ. ಡಿವ್ ಬದಲು ಸ್ಪ್ಯಾನ್ ಬಳಸಿದರೆ ಅದು ಇನ್‌ಲೈನ್ ಆಗಿರುವುದರಿಂದ ಅಗಲ, ಎತ್ತರ ಲೆಕ್ಕಕ್ಕೇ ಬರುವುದಿಲ್ಲ, ಇನ್‌ಲೈನ್-ಬ್ಲಾಕ್ ಮಾಡಿ. ಪುಟದ ನಡುವೆ ನಿಲ್ಲಿಸಲು ಟ್ರಾನ್ಸ್‌ಫಾರ್ಮ್‌ನಲ್ಲಿ ಟ್ರಾನ್ಸ್‌ಲೇಟ್ ಮೈನಸ್ 50% ಬರೆದವರಿಗೆ ಸ್ಪಿನ್ನರ್ ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ, ಏಕೆಂದರೆ ಕೀಫ್ರೇಮ್‌ನ ಟ್ರಾನ್ಸ್‌ಫಾರ್ಮ್ ಇದನ್ನು ಅಳಿಸಿ ತಾನು ಕೂರುತ್ತದೆ. ಹೊರಗಿನ ಡಿವ್‌ಗೆ ಗ್ರಿಡ್ ಮತ್ತು ಪ್ಲೇಸ್-ಐಟಮ್ಸ್ ಸೆಂಟರ್ ಕೊಡುವುದು ಸುಲಭದ ಪರಿಹಾರ.

ಸಿದ್ಧ ಲೋಡರ್‌ಗಳಲ್ಲಿ ಟೋಬಿಯಸ್ ಆಲಿನ್ ಅವರ ಸ್ಪಿನ್‌ಕಿಟ್ ಅಚ್ಚುಕಟ್ಟಾಗಿದೆ. ಅದರ ಎರಡನೇ ಆವೃತ್ತಿಯಲ್ಲಿ ಗಾತ್ರ, ಬಣ್ಣ ಎರಡನ್ನೂ ಸಿಎಸ್‌ಎಸ್ ವೇರಿಯೇಬಲ್‌ಗಳಿಂದಲೇ ಬದಲಿಸಬಹುದು. ಇಡೀ ಫೈಲ್ ಬೇಡ. ಬೇಕಾದ ಒಂದು ಲೋಡರ್ ಮತ್ತು ಅದರ ಕೀಫ್ರೇಮ್ ಎತ್ತಿಕೊಳ್ಳಿ. ಕೀಫ್ರೇಮ್‌ಗಳ ಹೆಸರು ಇಡೀ ಪುಟಕ್ಕೆ ಅನ್ವಯಿಸುವುದರಿಂದ, ಎರಡು ಲೈಬ್ರರಿಗಳೂ ‘ಸ್ಪಿನ್’ ಎಂದು ಹೆಸರಿಟ್ಟಿದ್ದರೆ ನಂತರ ಬಂದದ್ದು ಮೊದಲಿನದನ್ನು ನುಂಗುತ್ತದೆ. ನಿಮ್ಮ ಕೀಫ್ರೇಮ್‌ಗಳಿಗೆ ಒಂದು ಪೂರ್ವಪದ ಸೇರಿಸಿ.

ಪುಟ ಭಾರವಾದಾಗ ತೊದಲದೆ ತಿರುಗುವುದು ಮುಖ್ಯವಾಗಿ ಟ್ರಾನ್ಸ್‌ಫಾರ್ಮ್ ಮತ್ತು ಒಪ್ಯಾಸಿಟಿ. ಅವನ್ನು ಬ್ರೌಸರ್ ಕಾಂಪೋಸಿಟರ್‌ಗೆ (ಚಿತ್ರಿಸಿದ ಪದರಗಳನ್ನು ಜೋಡಿಸುವ ಬೇರೆ ಥ್ರೆಡ್) ಒಪ್ಪಿಸಬಲ್ಲದು. ಜಾವಾಸ್ಕ್ರಿಪ್ಟ್ ಮುಖ್ಯ ಥ್ರೆಡ್ ಹಿಡಿದು ಕೂತಿದ್ದರೂ ಚಲನೆ ನಿಲ್ಲುವುದಿಲ್ಲ. ಲೆಫ್ಟ್, ವಿಡ್ತ್ ಬದಲಿಸಿದರೆ ಪ್ರತಿ ಫ್ರೇಮ್‌ಗೂ ಲೇಔಟ್ ಲೆಕ್ಕ ಬೀಳುತ್ತದೆ, ಮತ್ತು 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್ ಅಷ್ಟೇ. ಸ್ಕೆಲಿಟನ್‌ನ (ವಿಷಯ ಬರುವವರೆಗೆ ಅದರ ಜಾಗದಲ್ಲಿ ತೋರಿಸುವ ಖಾಲಿ ಪೆಟ್ಟಿಗೆ) ಹೊಳಪಿಗೂ ಇದೇ ಮಾತು: ಬ್ಯಾಕ್‌ಗ್ರೌಂಡ್-ಪೊಸಿಷನ್ ಓಡಿಸುವ ಬದಲು ಆಫ್ಟರ್ ಎಲಿಮೆಂಟ್‌ಗೆ ಗ್ರೇಡಿಯಂಟ್ ಹಾಕಿ, ಟ್ರಾನ್ಸ್‌ಲೇಟ್-ಎಕ್ಸ್ ಮೈನಸ್ 100%ರಿಂದ 100%ಕ್ಕೆ ಸರಿಸಿ, ಹೊರಗಿನ ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ ಕೊಡಿ.

ಕಾಲು ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ಸ್ಪಿನ್ನರ್ ತೋರಿಸಿದರೆ ಅದು ಬರೀ ಮಿಣುಕು, ಕಣ್ಣಿಗೆ ಕಿರಿಕಿರಿ. ತಿರುಗುವ ಅನಿಮೇಶನ್ ಜೊತೆಗೆ ಅಲ್ಪವಿರಾಮ ಹಾಕಿ ಇನ್ನೊಂದನ್ನು ಸೇರಿಸಿ: ಒಪ್ಯಾಸಿಟಿ 0ಯಿಂದ 1ಕ್ಕೆ, ಅವಧಿ 0.2 ಸೆಕೆಂಡ್, ವಿಳಂಬ 0.3 ಸೆಕೆಂಡ್, ಫಿಲ್-ಮೋಡ್ ಬೋತ್. ಫಿಲ್-ಮೋಡ್ ಬಿಟ್ಟರೆ ಆ ವಿಳಂಬದ ಹೊತ್ತಿನಲ್ಲೇ ಸ್ಪಿನ್ನರ್ ಕಾಣಿಸಿಕೊಂಡು, ಮಾಯವಾಗಿ, ಮತ್ತೆ ಮೂಡುತ್ತದೆ.

ಅಲ್ಲಾಡದೆ ನಿಂತ ಸ್ಪಿನ್ನರ್

ಇದು ಬೇಸ್ ಫೈಲ್ ಮತ್ತು ಲೋಡರ್ ನೇರವಾಗಿ ಡಿಕ್ಕಿ ಹೊಡೆಯುವ ಜಾಗ. ಈಚಿನ ಹಲವು ರೀಸೆಟ್‌ಗಳಲ್ಲಿ ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ (ಚಲನೆ ಕಡಿಮೆ ಇರಲಿ ಎಂದು ಸೆಟ್ಟಿಂಗ್‌ನಲ್ಲಿ ಆರಿಸಿದವರಿಗೆ ಅನ್ವಯಿಸುವ ಷರತ್ತು) ಒಳಗೆ ಎಲ್ಲ ಎಲಿಮೆಂಟ್‌ಗಳ ಅನಿಮೇಶನ್ ಅವಧಿ 0.01 ಮಿಲಿಸೆಕೆಂಡ್, ಸುತ್ತು 1 ಎಂದು ಇಂಪಾರ್ಟೆಂಟ್ (ಬೇರೆ ರೂಲ್‌ಗಳನ್ನು ಮೀರಿಸುವ ಗುರುತು) ಸಮೇತ ಬರೆದಿರುತ್ತಾರೆ. ತಲೆಸುತ್ತು ಬರುವವರಿಗಾಗಿ ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ನಿಮ್ಮ ಸ್ಪಿನ್ನರ್ ರೆಪ್ಪೆ ಮಿಟುಕಿಸುವುದರೊಳಗೆ ಒಂದು ಸುತ್ತು ಮುಗಿಸಿ ಕಲ್ಲಾಗುತ್ತದೆ, ಓದುಗರು ಪುಟ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬೂಟ್‌ಸ್ಟ್ರ್ಯಾಪ್ ತನ್ನ 0.75 ಸೆಕೆಂಡಿನ ಸ್ಪಿನ್ನರನ್ನು ಇಂಥ ಕಡೆ ನಿಲ್ಲಿಸದೆ 1.5 ಸೆಕೆಂಡಿಗೆ ನಿಧಾನಿಸುತ್ತದೆ. ಇನ್ನೂ ಮೃದುವಾದ ಉಪಾಯ: ತಿರುಗುವುದನ್ನು ಬಿಟ್ಟು 2 ಸೆಕೆಂಡಿನ ಒಪ್ಯಾಸಿಟಿ ಏರಿಳಿತ ಕೊಡಿ, ಲೋಡರ್‌ನ ಕ್ಲಾಸ್‌ಗೆ ಇಂಪಾರ್ಟೆಂಟ್ ಹಾಕಿ. ನಕ್ಷತ್ರ ಸೆಲೆಕ್ಟರ್‌ಗಿಂತ ಕ್ಲಾಸ್‌ನ ಸ್ಪೆಸಿಫಿಸಿಟಿ (ಸೆಲೆಕ್ಟರ್‌ನ ತೂಕ) ಹೆಚ್ಚು, ಆದ್ದರಿಂದ ಗೆಲ್ಲುತ್ತದೆ.

ಲೇಯರ್ ಬಳಸಿದ್ದರೆ ಮಾತ್ರ ಗೆಲ್ಲುವುದಿಲ್ಲ! ಇಂಪಾರ್ಟೆಂಟ್ ಇರುವ ರೂಲ್‌ಗಳಿಗೆ ಲೇಯರ್‌ಗಳ ಕ್ರಮ ತಲೆಕೆಳಗಾಗುತ್ತದೆ: ಮೊದಲ ಲೇಯರ್‌ನಲ್ಲಿರುವ ರೀಸೆಟ್‌ಗೇ ಮೇಲುಗೈ. ಆ ಒಂದು ರೂಲನ್ನು ರೀಸೆಟ್‌ನಿಂದ ತೆಗೆದು, ಲೇಯರ್‌ಗಳ ಹೊರಗೆ ನೀವೇ ಬರೆದುಕೊಳ್ಳಿ.

ಕಣ್ಣು ಕಾಣದವರಿಗೆ ತಿರುಗುವ ಬಳೆ ಏನೂ ಹೇಳುವುದಿಲ್ಲ. ರೋಲ್ ಸ್ಟೇಟಸ್ ಇರುವ ಖಾಲಿ ಡಿವ್ ಒಂದನ್ನು ಪುಟದಲ್ಲಿ ಮೊದಲಿನಿಂದಲೇ ಇಟ್ಟು, ಲೋಡಿಂಗ್ ಶುರುವಾದಾಗ ‘ತೆರೆಯುತ್ತಿದೆ’ ಎಂಬ ಪಠ್ಯ ಅದರೊಳಗೆ ಹಾಕಿ. ಡಿವ್ ಮತ್ತು ಪಠ್ಯ ಒಟ್ಟಿಗೇ ಬಂದರೆ ಸ್ಕ್ರೀನ್ ರೀಡರ್ ಅದನ್ನು ಓದದೆ ಬಿಡಬಹುದು.

ಇಡೀ ಪುಟ ಮುಚ್ಚುವ ಲೋಡರ್ ಹಾಕದಿದ್ದರೆ ಒಳಿತು. ವಿಂಡೋ ಲೋಡ್ ಈವೆಂಟ್‌ಗೆ ಕಾದರೆ ಒಂದು ಚಿತ್ರ ತಡವಾದರೂ ಓದಲು ಸಿದ್ಧವಿರುವ ಬರಹ ಮರೆಯಲ್ಲೇ ಇರುತ್ತದೆ. ಹಾಕಲೇಬೇಕಾದರೆ ಬ್ಯಾಕ್ ಬಟನ್ ಒತ್ತಿ ಪರೀಕ್ಷಿಸಿ: ಲಿಂಕ್ ಒತ್ತಿದಾಗ ತೋರಿಸಿದ ಲೋಡರ್, ಬ್ರೌಸರ್ ಪುಟವನ್ನು ಇದ್ದಂತೆಯೇ ಕ್ಯಾಶ್‌ನಿಂದ ಮರಳಿಸಿದಾಗ ಹಾಗೇ ತಿರುಗುತ್ತಿರುತ್ತದೆ. ಪೇಜ್‌ಶೋ ಈವೆಂಟ್‌ನಲ್ಲಿ ಪರ್ಸಿಸ್ಟೆಡ್ ಎಂಬುದು ಟ್ರೂ ಇದ್ದರೆ ಲೋಡರ್ ತೆಗೆಯಿರಿ.

ಕೊನೆಗೆ ಕ್ರೋಮ್‌ನ ಡೆವ್‌ಟೂಲ್ಸ್ ತೆರೆಯಿರಿ. ನೆಟ್‌ವರ್ಕ್ ವೇಗವನ್ನು 3ಜಿಗೆ ಇಳಿಸಿ, ಸಿಪಿಯು ನಾಲ್ಕು ಪಟ್ಟು ನಿಧಾನಿಸಿ, ರೆಂಡರಿಂಗ್ ಟ್ಯಾಬ್‌ನಲ್ಲಿ ರೆಡ್ಯೂಸ್ಡ್ ಮೋಷನ್ ಆನ್ ಮಾಡಿ ನೋಡಿ. ಅದೇ ಟ್ಯಾಬ್‌ನ ಪೇಂಟ್ ಫ್ಲ್ಯಾಶಿಂಗ್ ಹಾಕಿದಾಗ ಲೋಡರ್ ಮೇಲೆ ಹಸಿರು ಪಟ್ಟೆ ಬಿಡದೆ ಮಿನುಗಿದರೆ, ಟ್ರಾನ್ಸ್‌ಫಾರ್ಮ್ ಅಥವಾ ಒಪ್ಯಾಸಿಟಿ ಅಲ್ಲದ ಇನ್ನಾವುದೋ ಪ್ರಾಪರ್ಟಿ ಕೀಫ್ರೇಮ್‌ನಲ್ಲಿ ಉಳಿದಿದೆ ಎಂದರ್ಥ.