ಆರ್‌ವಿಯಲ್ಲಿ ಬೆಕ್ಕಿನ ಬಿಡಾರ

ಬೆಕ್ಕಿನ ಬಿಡಾರ ಬೇರೆ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಬೇಸಿಗೆ ರಜೆಗೆ, ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಗಾಡಿಯಾದ ಆರ್‌ವಿ ಹತ್ತುವ ಅಮೆರಿಕದ ಕನ್ನಡ ಕುಟುಂಬಗಳು ಅದನ್ನು ಇದ್ದದ್ದು ಇದ್ದ ಹಾಗೇ ಪಾಲಿಸಬೇಕು. ಗಾಡಿ ಓಡುವಾಗ ಬೆಕ್ಕು ಕ್ಯಾರಿಯರ್ (ಬೆಕ್ಕನ್ನು ಒಯ್ಯುವ ಪೆಟ್ಟಿಗೆ) ಒಳಗೇ ಇರಲಿ. ಮಡಿಲಲ್ಲಿ, ಹಾಸಿಗೆ ಮೇಲೆ, ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಹೆದರಿದ ಬೆಕ್ಕು ಹುಡುಕುವುದು ಕತ್ತಲ ಮೂಲೆಯನ್ನು, ಮತ್ತು ಓಡುವ ಗಾಡಿಯಲ್ಲಿ ಅದಕ್ಕೆ ಸುಲಭವಾಗಿ ಸಿಗುವ ಕತ್ತಲ ಮೂಲೆ ಬ್ರೇಕ್ ಪೆಡಲಿನ ಅಡಿ.

ಕ್ಯಾರಿಯರ್ ಗಟ್ಟಿ ಪ್ಲಾಸ್ಟಿಕ್‌ನದಾಗಿರಲಿ, ಮೇಲಿನಿಂದಲೂ ತೆರೆಯುವಂಥದ್ದಾಗಿರಲಿ. ಬೆಕ್ಕು ಒಳಗೆ ಎದ್ದು ನಿಂತು ತಿರುಗುವಷ್ಟು ಜಾಗ ಸಾಕು. ತೀರ ದೊಡ್ಡದಾದರೆ ತಿರುವಿನಲ್ಲಿ ಅತ್ತಿತ್ತ ಜಾರಿ ಹೊಡೆಸಿಕೊಳ್ಳುತ್ತದೆ. ಹಿಡಿಕೆಗೆ ಸೀಟ್ ಬೆಲ್ಟ್ ಸಿಕ್ಕಿಸಿದರೆ ಸಾಲದು, ಜೋರಾಗಿ ಬ್ರೇಕ್ ಹಾಕಿದಾಗ ಹಿಡಿಕೆಯೇ ಕಿತ್ತು ಬರುತ್ತದೆ. ಬೆಲ್ಟ್ ಹಾಕಲೆಂದೇ ಜಾಗ ಮಾಡಿರದ ಕ್ಯಾರಿಯರ್ ಆದರೆ ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಅಲುಗಾಡದಂತೆ ಒತ್ತಿ ಇಡಿ. ಪಕ್ಕಕ್ಕೆ ಮುಖಮಾಡಿದ ಸೋಫಾ ಬೇಡ. ಟ್ರೇಲರ್ ಎಳೆದುಕೊಂಡು ಹೋಗುವವರು ಬೆಕ್ಕನ್ನು ಟ್ರೇಲರ್‌ನಲ್ಲಿ ಬಿಡದೆ ಮುಂದಿನ ಗಾಡಿಯಲ್ಲೇ ಕೂರಿಸಿಕೊಳ್ಳಿ. ಹಿಂದೆ ಸೆಕೆ ಏರಿದರೂ, ಬಾಗಿಲು ತೆರೆದುಕೊಂಡರೂ ನಿಮಗೆ ತಿಳಿಯುವುದಿಲ್ಲ.

ಸ್ಲೈಡ್‌ಔಟ್

ಆರ್‌ವಿಯಲ್ಲಿ ಬೆಕ್ಕಿನ ಜೀವಕ್ಕೆ ಎರವಾಗುವ ಯಂತ್ರ ಇದು. ಗಾಡಿ ನಿಂತ ಮೇಲೆ ಗೋಡೆ, ಸೋಫಾ ಸಮೇತ ಹೊರಕ್ಕೆ ಚಾಚುವ ಈ ಪೆಟ್ಟಿಗೆಯ ಅಡಿಯಲ್ಲಿ, ಬದಿಯಲ್ಲಿ, ಹಿಂದೆ ಸಂದುಗಳಿರುತ್ತವೆ. ಒಳಕ್ಕೆ ಎಳೆದುಕೊಳ್ಳುವಾಗ ಆ ಸಂದುಗಳು ಮುಚ್ಚಿಕೊಳ್ಳುತ್ತವೆ. ಮೋಟಾರಿನ ಬಲಕ್ಕೆ ನಾಲ್ಕು ಕಿಲೋ ಬೆಕ್ಕು ಅಡ್ಡವೇ ಅಲ್ಲ, ಅದರ ಸದ್ದಿನಲ್ಲಿ ಕೂಗೂ ಕೇಳದೆ ಹೋಗಬಹುದು. ಹೊರಕ್ಕೆ ಚಾಚುವಾಗಲೂ ಅಪಾಯ ಅಷ್ಟೇ.

ಅದಕ್ಕೆ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ: ಸ್ವಿಚ್ಚಿನ ಮೇಲೆ ಕೆಂಪು ಟೇಪ್ ಅಂಟಿಸಿಡಿ. ಒಬ್ಬರು ಕ್ಯಾರಿಯರ್ ಒಳಗೆ ಬೆಕ್ಕನ್ನು ಕಣ್ಣಾರೆ ಕಂಡು, "ಕಂಡಿತು" ಎಂದು ಹೇಳಿದ ಮೇಲಷ್ಟೇ ಇನ್ನೊಬ್ಬರು ಟೇಪ್ ಕೀಳಬೇಕು. "ಆಗಲೇ ಹಾಸಿಗೆ ಮೇಲೆ ಮಲಗಿತ್ತು" ಅನ್ನುವ ಮಾತು ಲೆಕ್ಕಕ್ಕಿಲ್ಲ. ಬೆಕ್ಕು ಕಾಣದಿದ್ದರೆ ಹೊರಡುವುದು ತಡವಾಗಲಿ. ಎಂಜಿನ್, ಮೋಟಾರು ಎಲ್ಲ ನಿಲ್ಲಿಸಿ, ಅದರ ಇಷ್ಟದ ಡಬ್ಬಿ ತೆರೆದಿಟ್ಟು, ಸುಮ್ಮನೆ ಕಾಯಿರಿ. ಕೋಲು ಹಾಕಿ ತಿವಿದರೆ ಇನ್ನೂ ಒಳಕ್ಕೆ ಹೋಗುತ್ತದೆ.

ಸಂದುಗೊಂದು

ಹೊರಡುವ ಒಂದು ವಾರ ಮೊದಲು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ನೋಡಿ. ಸಿಂಕ್ ಕೆಳಗೆ ಪೈಪು ಇಳಿಯುವ ತೂತು, ಡ್ರಾಯರ್‌ಗಳ ಹಿಂಬದಿ, ಮಂಚದಡಿ ನೀರಿನ ಪಂಪಿನ ಗೂಡು, ಡ್ಯಾಶ್‌ಬೋರ್ಡಿನ ಅಡಿಯ ವೈರುಗಳ ಜಾಗ. ತಲೆ ತೂರುವಲ್ಲಿ ಮೈಯೂ ತೂರುತ್ತದೆ. ಅರ್ಧ ಇಂಚಿನ ಕಬ್ಬಿಣದ ಜಾಲರಿ ಕತ್ತರಿಸಿ ಸ್ಕ್ರೂ ಹಾಕಿ. ಬರೀ ಫೋಮ್ ತುಂಬಿದರೆ ಬೆಕ್ಕು ಕೆರೆದು ತಿನ್ನುತ್ತದೆ. ನೆಲದಲ್ಲಿರುವ ಬಿಸಿಗಾಳಿ ಕಿಂಡಿಗಳ ಮುಚ್ಚಳ ಎಷ್ಟೋ ಗಾಡಿಗಳಲ್ಲಿ ಸುಮ್ಮನೆ ಕೂತಿರುತ್ತದೆ, ಅದಕ್ಕೂ ಸ್ಕ್ರೂ ಬೇಕು. ಆದರೆ ಗಾಡಿಯನ್ನು ಬೆಚ್ಚಗಿಡುವ ಫರ್ನೇಸಿಗೆ ಗಾಳಿ ಎಳೆದುಕೊಳ್ಳುವ ಜಾಲಿಯನ್ನು ಮುಚ್ಚಬೇಡಿ, ಫರ್ನೇಸ್ ಅತಿಯಾಗಿ ಕಾದು ನಿಂತುಹೋಗುತ್ತದೆ.

ಕರೆಂಟು ಹೋದರೆ?

ಬೆಕ್ಕನ್ನು ಗಾಡಿಯಲ್ಲಿ ಬಿಟ್ಟು ಸುತ್ತಾಡಲು ಹೋಗುವವರು ಈ ಲೆಕ್ಕ ಮಾಡಲೇಬೇಕು. ಕ್ಯಾಂಪ್‌ಗ್ರೌಂಡಿನ 30 ಆಂಪ್ ಸಂಪರ್ಕ 120 ವೋಲ್ಟಿನಲ್ಲಿ ಕೊಡುವುದು 3,600 ವ್ಯಾಟ್. ಛಾವಣಿಯ ಎಸಿಗೆ ಸುಮಾರು 1,600, ಮೈಕ್ರೋವೇವ್‌ಗೆ 1,500, ಅನ್ನದ ಎಲೆಕ್ಟ್ರಿಕ್ ಕುಕ್ಕರಿಗೆ 1,000. ಮೂರೂ ಸೇರಿದರೆ 4,100, ಬ್ರೇಕರ್ ಬೀಳುತ್ತದೆ. ಹೊರಡುವ ಮುಂಚೆ ಅಡುಗೆಯ ಉಪಕರಣಗಳ ಪ್ಲಗ್ ಕಿತ್ತಿಡಿ. ಇಷ್ಟಾದರೂ ಕ್ಯಾಂಪ್‌ಗ್ರೌಂಡಿನದೇ ಕರೆಂಟು ಕೈಕೊಡಬಹುದು. ಬಿಸಿಲಲ್ಲಿ ನಿಂತ ಗಾಡಿ ಎಸಿ ನಿಂತ ಸ್ವಲ್ಪ ಹೊತ್ತಿಗೇ ಕಾಯುತ್ತದೆ, ಕಿಟಕಿಯನ್ನು ಎರಡಿಂಚು ತೆರೆದಿಟ್ಟ ಮಾತ್ರಕ್ಕೆ ತಣ್ಣಗಾಗುವುದಿಲ್ಲ.

ಇದಕ್ಕೆ ಬೇಕಾದದ್ದು ಸ್ವಂತ ಸಿಮ್, ಸ್ವಂತ ಬ್ಯಾಟರಿ ಇರುವ ತಾಪಮಾನ ಮಾನಿಟರ್. ಕ್ಯಾಂಪ್‌ಗ್ರೌಂಡಿನ ವೈಫೈ ನಂಬುವಂಥದ್ದು ಬೇಡ: ಕರೆಂಟು ಹೋದಾಗ ವೈಫೈಯೂ ಹೋಗುತ್ತದೆ. 80 ಡಿಗ್ರಿ ಫ್ಯಾರನ್‌ಹೀಟ್‌ಗೆ ಎಚ್ಚರಿಕೆ ಇಡಿ, ಕರೆಂಟು ಹೋದ ಕೂಡಲೇ ಬೇರೆ ಎಚ್ಚರಿಕೆಯೂ ಬರಲಿ. ಫೋನ್ ಸಿಗ್ನಲ್ ಇಲ್ಲದ ಕಡೆಗೆ, ಇಪ್ಪತ್ತು ನಿಮಿಷದಲ್ಲಿ ಮರಳಲಾಗದ ಕಡೆಗೆ ಹೋಗುವುದಾದರೆ ಒಬ್ಬರು ಗಾಡಿಯಲ್ಲೇ ಉಳಿಯಿರಿ. ಬೆಕ್ಕು ಬಾಯಿ ತೆರೆದು ಏದುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ತೂರಾಡಿದರೆ ತಣ್ಣೀರಿನಲ್ಲಿ ಮೈ ಒದ್ದೆ ಮಾಡಿ, ಫ್ಯಾನ್ ಹಾಕಿ ತಕ್ಷಣ ತುರ್ತು ಪಶುವೈದ್ಯರಲ್ಲಿಗೆ ಹೊರಡಿ. ಐಸ್ ನೀರು ಬೇಡ.

ಜನರೇಟರ್ ಓಡಿಸುವವರು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಂನ ಗುಂಡಿಯನ್ನು ವಾರಕ್ಕೊಮ್ಮೆ ಒತ್ತಿ ಪರೀಕ್ಷಿಸಿ. ಒಲೆ ಉರಿಸುವ ಪ್ರೊಪೇನ್ ಅನಿಲ ಗಾಳಿಗಿಂತ ಭಾರ, ಹಾಗಾಗಿ ಅದರ ಅಲಾರಂ ನೆಲಮಟ್ಟದಲ್ಲಿರುತ್ತದೆ. ಬೆಕ್ಕಿನ ಹಾಸಿಗೆಯನ್ನು ಅದಕ್ಕೆ ಅಡ್ಡ ಇಡಬೇಡಿ.

ಲಿಟರ್, ಊಟ, ವಿಷ

ಲಿಟರ್ (ಬೆಕ್ಕಿನ ಮಲಮೂತ್ರಕ್ಕೆ ಹಾಕಿಡುವ ಮಣ್ಣು) ಪೆಟ್ಟಿಗೆಗೆ ಶವರ್ ಒಳ್ಳೆಯ ಜಾಗ, ಆದರೆ ಡ್ರೈನಿಗೆ ಬಿರಡೆ ಹಾಕಿ. ಉಂಡೆಕಟ್ಟುವ ಬೆಂಟೋನೈಟ್ ಜೇಡಿಮಣ್ಣು ನೀರು ಕುಡಿದು ಊದಿಕೊಂಡು ಪೈಪಿನಲ್ಲಿ ಗಟ್ಟಿಯಾಗುತ್ತದೆ. ಅದೇ ಕಾರಣಕ್ಕೆ ಟಾಯ್ಲೆಟ್ಟಿಗೂ ಸುರಿಯಬಾರದು. ಮನೆಯಲ್ಲಿ ಬಳಸುವ ಲಿಟರನ್ನೇ ಒಯ್ಯಿರಿ. ಪ್ರಯಾಣದಲ್ಲಿ ಗಂಡು ಬೆಕ್ಕು ಪೆಟ್ಟಿಗೆಗೆ ಮತ್ತೆ ಮತ್ತೆ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದರೆ ಮರುದಿನಕ್ಕೆ ಕಾಯಬೇಡಿ, ಮೂತ್ರನಾಳ ಕಟ್ಟಿಕೊಂಡಿರಬಹುದು. ಇಡೀ ದಿನ ಏನೂ ತಿನ್ನದಿದ್ದರೂ ವೈದ್ಯರಿಗೆ ಫೋನ್ ಮಾಡಿ.

ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿದರೆ ವಾಂತಿ ಕಡಿಮೆ. ತಟ್ಟೆಯಲ್ಲಿ ಉಳಿದ ಹುಳಿ, ಪಲ್ಯ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಉಣ್ಣಿ ಹುಳದ ಔಷಧಿ ಬೆಕ್ಕಿಗೆ ವಿಷ. ರೇಡಿಯೇಟರಿನ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಬೆಕ್ಕು ಸಾಯಬಹುದು. ಚಳಿಗಾಲದಲ್ಲಿ ಹೆಪ್ಪುಗಟ್ಟದಂತೆ ನೀರಿನ ಪೈಪಿಗೆ ಹಾಕುವ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಅಷ್ಟು ಭೀಕರವಲ್ಲದಿದ್ದರೂ ಬೆಕ್ಕಿನ ರಕ್ತಕ್ಕೆ ಅದೂ ಒಳ್ಳೆಯದಲ್ಲ.

ಅಭ್ಯಾಸಕ್ಕೆ ಎರಡು ವಾರ ಕೊಡಿ. ಕ್ಯಾರಿಯರನ್ನು ಮನೆಯೊಳಗೆ ತೆರೆದಿಟ್ಟು ಅದರಲ್ಲೇ ಊಟ ಹಾಕಿ. ಆಮೇಲೆ ನಿಂತ ಗಾಡಿಯಲ್ಲಿ, ಆಮೇಲೆ ಎಂಜಿನ್ ಚಾಲೂ ಮಾಡಿ, ಆಮೇಲೆ ಹತ್ತು ನಿಮಿಷದ ಸುತ್ತು. ಆಗಲೂ ತೀರ ಗಾಬರಿಯಾಗುತ್ತಿದ್ದರೆ ವೈದ್ಯರು ಗಾಬರಿ ತಗ್ಗಿಸುವ ಗ್ಯಾಬಪೆಂಟಿನ್ ಔಷಧಿ ಬರೆದುಕೊಡಬಹುದು. ಮೊದಲ ಡೋಸನ್ನು ಪ್ರಯಾಣದ ದಿನವಲ್ಲ, ಮನೆಯಲ್ಲಿ ಕೊಟ್ಟು ನೋಡಿ.

ಬಾಗಿಲು

ಹೊರಡುವ ಮೊದಲು ಬೆಕ್ಕಿನ ಚರ್ಮದಡಿ ಹಾಕಿಸಿದ ಗುರುತಿನ ಮೈಕ್ರೋಚಿಪ್ ದಾಖಲೆಯಲ್ಲಿ ನಿಮ್ಮ ಈಗಿನ ಫೋನ್ ನಂಬರ್ ಇದೆಯೇ ನೋಡಿ. ರೇಬೀಸ್ ಲಸಿಕೆಯ ಪತ್ರ ಜೊತೆಗಿರಲಿ. ಕೆನಡಾ ಗಡಿ ದಾಟಲು ಮೂರು ತಿಂಗಳು ದಾಟಿದ ಬೆಕ್ಕಿಗೆ ಅದು ಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಕ್ಕಿಗೆ ಕಟ್ಟುವ ಹಗ್ಗ ಆರು ಅಡಿ ಮೀರಬಾರದು. ಕೊರಳಪಟ್ಟಿಯಿಂದ ಬೆಕ್ಕು ನುಸುಳಿಕೊಳ್ಳುತ್ತದೆ, ಎರಡು ಬೆರಳು ತೂರುವಷ್ಟು ಬಿಗಿಯಾದ ಹಾರ್ನೆಸ್ (ಎದೆ ಸುತ್ತ ಕಟ್ಟುವ ಪಟ್ಟಿ) ಹಾಕಿ.

ಊರಿಂದ ಬಂದ ಅಪ್ಪ ಅಮ್ಮ, ಪುಟ್ಟ ಮಕ್ಕಳು ಜೊತೆಗಿದ್ದರೆ ಬಾಗಿಲು ಗಳಿಗೆಗೊಮ್ಮೆ ತೆರೆಯುತ್ತದೆ. ಸಾಮಾನು ಇಳಿಸುವಷ್ಟು ಹೊತ್ತು ಬೆಕ್ಕನ್ನು ಬಚ್ಚಲಲ್ಲಿ ಕೂಡಿಹಾಕಿ.

ಹಾಗೂ ತಪ್ಪಿಸಿಕೊಂಡರೆ ಮೊದಲು ನಿಮ್ಮ ಗಾಡಿಯ ಅಡಿ, ಆಮೇಲೆ ಅಕ್ಕಪಕ್ಕದ ಗಾಡಿಗಳ ಅಡಿ ನೋಡಿ. ಹೆದರಿದ ಬೆಕ್ಕು ಸಾಮಾನ್ಯವಾಗಿ ದೂರ ಹೋಗದೆ ಹತ್ತಿರದಲ್ಲೇ ಸದ್ದಿಲ್ಲದೆ ಕೂತಿರುತ್ತದೆ, ಕರೆದರೂ ಬರುವುದಿಲ್ಲ. ನೆರೆಯವರು ಎಂಜಿನ್ ಚಾಲೂ ಮಾಡದಂತೆ, ಸ್ಲೈಡ್‌ಔಟ್ ಎಳೆಯದಂತೆ ಕೇಳಿಕೊಳ್ಳಿ, ಕಚೇರಿಗೆ ತಿಳಿಸಿ. ಕತ್ತಲಾದ ಮೇಲೆ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು ಪೊದೆಗಳತ್ತ ಹಾಯಿಸಿದರೆ ಅದರ ಕಣ್ಣು ಹೊಳೆಯುತ್ತದೆ. ಕ್ಯಾರಿಯರನ್ನು ಅದರದೇ ಹಳೆಯ ಹೊದಿಕೆ ಹಾಕಿ ಮೆಟ್ಟಿಲ ಬಳಿ ತೆರೆದಿಡಿ, ಮತ್ತು ಆ ಜಾಗವನ್ನು ಇನ್ನೆರಡು ರಾತ್ರಿಗೆ ಬುಕ್ ಮಾಡಿ.