ಮಳೆ ಪುಸ್ತಕದ ಫೈಲು ತೆರೆಯಲು ಹೋಗಿ

ನಮ್ಮದು ವಿರಾಜಪೇಟೆ ಕಡೆ. ಜೂನ್ ಬಂತು ಅಂದರೆ ಕರೆಂಟಿಗೂ ನೆಟ್ಟಿಗೂ ಗ್ಯಾರಂಟಿ ಇಲ್ಲ. ಪರಿಚಯದ ಕಾಫಿ ತೋಟದವರೊಬ್ಬರು ಆಫೀಸಿನ ಫೈಲುಗಳನ್ನೆಲ್ಲ ಒಂದೇ ಕಿಟಕಿಯಲ್ಲಿ ನೋಡುವ ಹಾಗೆ ಏನಾದರೂ ಮಾಡಿಕೊಡಿ, ಆದರೆ ನೆಟ್ ಇಲ್ಲದಿದ್ದರೂ ತೆರೆಯಬೇಕು ಎಂದರು. ಹಾಗಾಗಿ ಡೆಸ್ಕ್‌ಟಾಪ್ ಆ್ಯಪ್ಪೇ ಸೈ. ಆಫೀಸಿನಲ್ಲಿ ವಿಂಡೋಸ್, ಅವರ ಮಗಳ ಹತ್ತಿರ ಮ್ಯಾಕ್, ನನ್ನದು ಉಬುಂಟು. ಒಂದೇ ಕೋಡಿನಿಂದ ಮೂರಕ್ಕೂ ಆ್ಯಪ್ ಮಾಡಿಕೊಡುವ ಎಲೆಕ್ಟ್ರಾನ್ ಹಿಡಿದೆ. ಆ್ಯಪ್ ದಪ್ಪ ಆಗುತ್ತದೆ, ನಿಜ. ಆದರೆ ಕ್ರೋಮಿಯಂ (ಕ್ರೋಮ್ ಬ್ರೌಸರಿನ ಬುಡ) ಜೊತೆಗೇ ಹೋಗುವುದರಿಂದ ಇಲ್ಲಿ ಕಂಡದ್ದು ಅಲ್ಲಿ ಕಾಣಲಿಲ್ಲ ಅನ್ನುವ ರಗಳೆ ಕಡಿಮೆ.

ಫೋಲ್ಡರ್ ತೆರೆದರೆ ಸಂತೆ. ಪಿಡಿಎಫ್, ಎಕ್ಸೆಲ್, ಹಳೇ ವರ್ಡ್, ಸ್ಕ್ಯಾನರಿನ ಟಿಫ್, ಐಫೋನಿನ ಎಚ್‌ಇಐಸಿ ಫೋಟೊ, ಆನೆ ತೋಟಕ್ಕೆ ನುಗ್ಗಿದ ವಿಡಿಯೊ.

ಮೊದಲು ಫೈಲಿನ ಬಾಲ, ಅಂದರೆ ಹೆಸರಿನ ಕೊನೆಗೆ ಚುಕ್ಕಿಯ ನಂತರ ಬರುವ ಅಕ್ಷರ, ನೋಡಿ ವ್ಯೂವರ್ (ಫೈಲು ತೋರಿಸುವ ಭಾಗ) ಆರಿಸುವ ಕೋಡ್ ಬರೆದೆ. ಎರಡೇ ದಿನದಲ್ಲಿ ಕೈಕೊಟ್ಟಿತು. ಯಾರೋ ಜೆಪೆಗ್ ಫೋಟೊಗೆ ಪಿಡಿಎಫ್ ಅಂತ ಹೆಸರು ಬದಲಿಸಿ ಇಟ್ಟಿದ್ದರು! ಆಮೇಲೆ ಫೈಲಿನ ಮೊದಲ ಕೆಲವು ಬೈಟ್ ಓದಲು ಶುರು ಮಾಡಿದೆ. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಹಿಂದೆಯೇ ಪಿ, ಡಿ, ಎಫ್. ಈಗಿನ ವರ್ಡ್, ಎಕ್ಸೆಲ್ ಎರಡೂ ಒಳಗಿನಿಂದ ಜಿಪ್ಪೇ (ಹಲವು ಫೈಲು ಸೇರಿಸಿ ಕಟ್ಟಿದ ಗಂಟು), ಎರಡಕ್ಕೂ ತಲೆಯಲ್ಲಿ ಪಿ, ಕೆ. ಹಾಗಾಗಿ ಜಿಪ್ ಬಿಚ್ಚಿ ಒಳಗಿರುವುದು ‘ವರ್ಡ್’ ಫೋಲ್ಡರೋ ‘ಎಕ್ಸ್ಎಲ್’ ಫೋಲ್ಡರೋ ನೋಡಬೇಕು.

ಒಂದೊಂದು ಬಗೆಗೂ ಒಂದೊಂದು ವ್ಯೂವರ್ ಬರೆಯುತ್ತಾ ಕೂತರೆ ಮುಗಿಯುವ ಕೆಲಸ ಅಲ್ಲ. ವಿಡಿಯೊ ಬಿಟ್ಟು ಮಿಕ್ಕದ್ದನ್ನೆಲ್ಲ ಚಿತ್ರ ಇಲ್ಲವೇ ಪಿಡಿಎಫ್ ಮಾಡಿಬಿಡುವುದು, ನೋಡಲು ಎರಡೇ ವ್ಯೂವರ್ ಅಂತ ತೀರ್ಮಾನಿಸಿದೆ. ಟಿಫ್, ಎಚ್‌ಇಐಸಿ ಎರಡನ್ನೂ ಕ್ರೋಮಿಯಂ ತಾನಾಗಿ ತೋರಿಸುವುದಿಲ್ಲ, ಅದಕ್ಕೆ ಜೆಪೆಗ್ ಮಾಡಿಕೊಂಡೆ. ಟಿಫ್ಫಿನಲ್ಲಿ ಹಲವು ಪುಟ ಇರಬಹುದು ಅನ್ನುವುದು ಮರೆತು ಮೊದಲ ಪುಟ ಮಾತ್ರ ತೋರಿಸಿ ಬೈಸಿಕೊಂಡದ್ದೂ ಆಯಿತು. ವರ್ಡ್, ಎಕ್ಸೆಲ್ಲನ್ನು ಹಿನ್ನೆಲೆಯಲ್ಲಿ ಲಿಬ್ರೆ ಆಫೀಸ್ (ಇವನ್ನು ತೆರೆಯಬಲ್ಲ ಉಚಿತ ಸಾಫ್ಟ್‌ವೇರ್) ಓಡಿಸಿ ಪಿಡಿಎಫ್ ಮಾಡಿ, ಮತ್ತೆ ಮತ್ತೆ ಮಾಡದಿರಲು ಕ್ಯಾಶ್‌ನಲ್ಲಿ ಇಡುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತಿದ್ದದ್ದು ಅವರ ಆಫೀಸಿನಲ್ಲಿ ಆಗಾಗ ಸುಮ್ನೆ ಖಾಲಿ ಪುಟ ಕೊಡುತ್ತಿತ್ತು. ಅವರು ಲಿಬ್ರೆ ಆಫೀಸ್ ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದರು, ನನ್ನ ಕೋಡೂ ಅದೇ ಪ್ರೊಫೈಲಿಗೆ (ಲಿಬ್ರೆ ಆಫೀಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಫೋಲ್ಡರಿಗೆ) ಕೈ ಹಾಕುತ್ತಿತ್ತು. ಆ್ಯಪ್ಪಿಗೆ ಬೇರೆ ಪ್ರೊಫೈಲ್ ಫೋಲ್ಡರ್ ಕೊಟ್ಟೆ, ಸರಿಹೋಯಿತು.

ನಿಜವಾಗಿ ನಿದ್ದೆ ಕೆಡಿಸಿದ್ದು ಮಳೆ ಪುಸ್ತಕ. ನಮ್ಮಲ್ಲಿ ತೋಟದವರು ದಿನಾ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುತ್ತಾರೆ, ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಎಷ್ಟು ಬಿತ್ತು ಅನ್ನುವುದು ಅವರಿಗೆ ಬ್ಯಾಂಕ್ ಪಾಸ್‌ಬುಕ್ಕಿಗಿಂತ ಹೆಚ್ಚು. ಇವರದ್ದು ಹಳೇ ನುಡಿ ಫಾಂಟಿನಲ್ಲಿ ಟೈಪ್ ಆದ ವರ್ಡ್ ಫೈಲು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚಂದದ ಕನ್ನಡ, ಮಗಳ ಮ್ಯಾಕಿನಲ್ಲಿ ಬರೀ ಗೀಚು. ಯಾಕೆಂದರೆ ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ. ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೆರೆ ಇರುವ ಎ. ‘ನ’ ಇರಬೇಕಾದ ಕಡೆ ಪೌಂಡ್ ಚಿಹ್ನೆ! ಫಾಂಟು ಆ ಗುರುತುಗಳಿಗೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಹಾಗಾಗಿ ಫಾಂಟ್ ಇರುವ ಆಫೀಸಿನ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿದೆ, ಫಾಂಟ್ ಪಿಡಿಎಫ್ ಒಳಗೇ ಕೂರುತ್ತದೆ, ಎಲ್ಲ ಕಡೆ ಕಾಣುತ್ತದೆ. ಆದರೆ ಹುಡುಕಿದರೆ ಏನೂ ಸಿಗುವುದಿಲ್ಲ, ಅಲ್ವಾ? ಹುಡುಕಲೆಂದೇ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿಗೆ, ಬದಲಿಸಿದ ಪಠ್ಯವನ್ನು ಬೇರೆಯಾಗಿ ಇಟ್ಟೆ. ಮೊದಲ ಸಲ ‘ವರ್ಷ’ ಅನ್ನುವ ಪದ ಎಲ್ಲ ಕಡೆ ‘ವಷರ್’ ಆಗಿ ಬಂತು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲೇ ಬರಬೇಕು. ಒಂದೊಂದು ಅಕ್ಷರ ಬದಲಿಸಿದರೆ ಸಾಲದು, ಇಡೀ ಗುಂಪನ್ನು ಹಿಡಿದು ಹಿಂದಕ್ಕೆ ಮುಂದಕ್ಕೆ ಮಾಡಬೇಕು. ಇದಕ್ಕೇ ಜಾಸ್ತಿ ದಿನ ಹಿಡಿಯಿತು.

ಇನ್ನೊಂದು ತಮಾಷೆ. ‘ಕೊಡಗು’ ಅಂತ ಹೆಸರಿದ್ದ ಫೈಲು ಹಳೇ ಮ್ಯಾಕ್ ಡಿಸ್ಕಿನಿಂದ ಬಂದಾಗ ಪಟ್ಟಿಯಲ್ಲಿ ಎರಡೆರಡು ಸಲ ಕಾಣುತ್ತಿತ್ತು. ಅಲ್ಲಿ ‘ಕೊ’ದ ಒತ್ವವನ್ನು ಎತ್ವ, ಊತ್ವದ ಎರಡು ತುಂಡು ಮಾಡಿ ಇಡುತ್ತದೆ, ವಿಂಡೋಸಿನಲ್ಲಿ ಟೈಪ್ ಮಾಡಿದ್ದು ಒಂದೇ ತುಂಡು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹೆಸರು ಹೋಲಿಸುವ ಮುಂಚೆ ಎರಡನ್ನೂ ನಾರ್ಮಲೈಸ್ ಮಾಡಿದ, ಅಂದರೆ ಒಂದೇ ರೂಪಕ್ಕೆ ತಂದ ಮೇಲೆ ಸರಿಯಾಯಿತು, ನಮ್ಮ ಜಿಲ್ಲೆಯ ಹೆಸರೇ ನನಗೆ ಬಗ್ ಆಗಿ ಕಾಡಿತಲ್ಲ ಅಂತ ನಗು ಬಂತು.

ಕೊನೆಗೆ ಉಳಿದದ್ದು ಹಳೇ ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರಿನ ಒಂದು ಮದುವೆ ಕಾಗದ. ಅದರ ಮುಂದೆ ಸೋತೆ. ಹೆಸರು, ಸೈಜು, ತಾರೀಖು ತೋರಿಸಿ ಕೆಳಗೆ ‘ಬೇರೆ ಆ್ಯಪ್ಪಿನಲ್ಲಿ ತೆರೆ’ ಅಂತ ಬಟನ್ ಇಟ್ಟಿದ್ದೇನೆ. ಒತ್ತಿದರೆ ಅದನ್ನು ಸರಿಯಾಗಿ ತೆರೆಯುವ ಆ್ಯಪ್ ಮೂರರಲ್ಲಿ ಒಂದು ಕಂಪ್ಯೂಟರಿನಲ್ಲೂ ಇಲ್ಲ.